ನಾಲ್ವರ ಟೇಬಲ್‌ಗೆ ಒಂದು ಬಲಿ ಡೆಕ್: ಮ್ಯಾಜಿಕ್ ಕಮಾಂಡರ್ ಆಡುವವರಿಗೆ ಮಾರ್ಗದರ್ಶಿ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದಲ್ಲಿ ನಮ್ಮ ಕ್ರೀಚರ್ (ನಮಗಾಗಿ ಕಾದಾಡುವ ಜೀವಿಯ ಕಾರ್ಡ್) ಸತ್ತರೆ ಸಾಮಾನ್ಯವಾಗಿ ನಷ್ಟ. ಅದನ್ನು ಆಡಲು ಮಾನಾ (ಲ್ಯಾಂಡ್ ಕಾರ್ಡ್‌ಗಳು ಕೊಡುವ, ಕಾರ್ಡ್ ಆಡಲು ಬೇಕಾದ ಬಂಡವಾಳ) ಖರ್ಚಾಗಿರುತ್ತದೆ, ಕೈಯಿಂದ ಒಂದು ಕಾರ್ಡ್ ಹೋಗಿರುತ್ತದೆ. ಬಲಿ ಡೆಕ್ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ನಿಮ್ಮ ಕ್ರೀಚರ್‌ಗಳು ಸಾಯಬೇಕು, ಜಾಸ್ತಿ ಸತ್ತಷ್ಟೂ ಒಳ್ಳೆಯದು. ಆದರೆ ಯಾವಾಗ ಸಾಯಬೇಕು ಅನ್ನುವುದು ನಿಮ್ಮ ಕೈಯಲ್ಲಿರಬೇಕು. ಈ ಡೆಕ್ ಕಟ್ಟುವವರು ಹೆಚ್ಚಾಗಿ ಮರೆಯುವುದು ಇದನ್ನೇ. ರಕ್ತ ಹೀರುವ ಕಾರ್ಡ್‌ಗಳನ್ನೆಲ್ಲ ತುಂಬಿಸುತ್ತಾರೆ, ಬಲಿ ಕೊಡಲು ದಾರಿ ಮಾತ್ರ ಇಟ್ಟಿರುವುದಿಲ್ಲ.

ಇದು ನಾಲ್ಕು ಜನ ಸೇರಿ ಆಡುವ ಕಮಾಂಡರ್ ಮಾದರಿಗೆ ಬರೆದದ್ದು. ಹೊಸಬರಿಗಾಗಿ ನಿಯಮ ಚುಟುಕಾಗಿ ಹೇಳಿಬಿಡುತ್ತೇನೆ. ಡೆಕ್‌ನ ಮುಖ್ಯ ಕ್ರೀಚರ್ ಆದ ಕಮಾಂಡರ್ ಸೇರಿ ಡೆಕ್‌ನಲ್ಲಿ ಸರಿಯಾಗಿ 100 ಕಾರ್ಡ್. ಬೇಸಿಕ್ ಲ್ಯಾಂಡ್ ಬಿಟ್ಟರೆ ಒಂದೇ ಕಾರ್ಡ್ ಎರಡು ಸಲ ಇಡುವಂತಿಲ್ಲ. ಎಲ್ಲರಿಗೂ 40 ಲೈಫ್, ಅದು ಸೊನ್ನೆಯಾದವರು ಔಟ್. ಕಮಾಂಡರ್ ಬೇರೆ ಜಾಗದಲ್ಲಿ ಕೂತಿರುತ್ತದೆ, ಬೇಕಾದಾಗ ಅಲ್ಲಿಂದಲೇ ಆಡಬಹುದು. ಅದು ಸತ್ತು ವಾಪಸ್ ಹೋದ ಮೇಲೆ ಪ್ರತಿ ಸಲ ಆಡುವಾಗಲೂ 2 ಮಾನಾ ಜಾಸ್ತಿ ಕೊಡಬೇಕು. ಉಳಿದ ಕಾರ್ಡ್‌ಗಳು ಕಮಾಂಡರ್‌ನ ಬಣ್ಣಗಳನ್ನು ಮೀರಬಾರದು.

ಈ ಬಗೆಯ ಡೆಕ್ ಅನ್ನು ಆಟಗಾರರು ಅರಿಸ್ಟೋಕ್ರಾಟ್ಸ್ ಅಂತ ಕರೆಯುತ್ತಾರೆ. 2013ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ಪ್ರೊ ಟೂರ್ ಗೇಟ್‌ಕ್ರ್ಯಾಶ್ ಪಂದ್ಯಾವಳಿಯನ್ನು ಟಾಮ್ ಮಾರ್ಟೆಲ್ ಗೆದ್ದದ್ದು ಸ್ಯಾಮ್ ಬ್ಲ್ಯಾಕ್ ರೂಪಿಸಿದ್ದ ಇಂಥ ಒಂದು ಡೆಕ್‌ನಿಂದ. ಕಾರ್ಟೆಲ್ ಅರಿಸ್ಟೋಕ್ರಾಟ್, ಫಾಲ್ಕೆನ್‌ರಾತ್ ಅರಿಸ್ಟೋಕ್ರಾಟ್ ಎಂಬ ಎರಡು ಕಾರ್ಡ್‌ಗಳಿಂದ ಅದಕ್ಕೆ ಆ ಹೆಸರು ಬಂತು. ಅದು ಇಬ್ಬರು ಆಡುವ ಆಟ, ತಲಾ 20 ಲೈಫ್. ನಾಲ್ವರ ಟೇಬಲ್‌ನಲ್ಲಿ ಲೆಕ್ಕವೇ ಬೇರೆ.

ಮೊದಲು ಲೆಕ್ಕ ಹಾಕಿ

ನಿಮ್ಮ ಎದುರು ಮೂರು ಜನ, ಒಟ್ಟು 120 ಲೈಫ್. ಸಣ್ಣಪುಟ್ಟ ಕ್ರೀಚರ್‌ಗಳಿಂದ ದಾಳಿ ಮಾಡಿ ಇಷ್ಟನ್ನು ಇಳಿಸುವುದು ಕಷ್ಟ. ಆದರೆ ಜುಲಪೋರ್ಟ್ ಕಟ್‌ಥ್ರೋಟ್ ಕಾರ್ಡ್ ನೋಡಿ. 2 ಮಾನಾ, 1/1 (ಶಕ್ತಿ 1, ತಾಳಿಕೆ 1). ಅದಾಗಲಿ, ನಿಮ್ಮ ಇನ್ನೊಂದು ಕ್ರೀಚರ್ ಆಗಲಿ ಸತ್ತಾಗೆಲ್ಲ ಪ್ರತಿ ಎದುರಾಳಿಯೂ 1 ಲೈಫ್ ಕಳೆದುಕೊಳ್ಳುತ್ತಾರೆ, ನಿಮಗೆ 1 ಬರುತ್ತದೆ. ಇಬ್ಬರ ಆಟದಲ್ಲಿ ಒಂದು ಸಾವಿಗೆ 1 ಪೆಟ್ಟು. ನಾಲ್ವರ ಆಟದಲ್ಲಿ ಅದೇ ಸಾವಿಗೆ 3 ಪೆಟ್ಟು. ಎದುರಾಳಿಗಳು ಹೆಚ್ಚಾದಷ್ಟೂ ಬೆಲೆ ಏರುವ ಕಾರ್ಡ್ ಇದು.

ಹೀಗೆ ಲೈಫ್ ಹೀರುವ ಡ್ರೇನ್ ಕಾರ್ಡ್ ಒಂದೇ ಇದ್ದರೆ ಟೇಬಲ್ ಪೂರ್ತಿ ಮುಗಿಸಲು 40 ಸಾವು ಬೇಕು. ಎರಡಿದ್ದರೆ 20. ಮೂರಿದ್ದರೆ 14. ಎರಡು ಡ್ರೇನ್ ಜೊತೆಗೆ ಪ್ರತಿ ಸಾವನ್ನೂ ಎರಡು ಸಲ ಎಣಿಸುವ ಕಾರ್ಡ್ ಒಂದಿದ್ದರೆ ಬರೀ 10. ಡೆಕ್ ಕಟ್ಟುವಾಗ ಈ ನಾಲ್ಕು ಅಂಕಿ ನೆನಪಿರಲಿ. ಒಂದು ಡ್ರೇನ್ ಕಾರ್ಡ್ ಟೇಬಲ್ ಮೇಲೆ ಬಂದ ಕೂಡಲೇ ಖುಷಿಯಿಂದ ಬಲಿ ಕೊಡಲು ಶುರು ಮಾಡಬಾರದು ಅನ್ನುವುದಕ್ಕೆ ಕಾರಣ ಇಲ್ಲೇ ಇದೆ.

ಕಮಾಂಡರ್: ಟೇಸಾ ಕಾರ್ಲೋವ್

ಮೊದಲ ಬಲಿ ಡೆಕ್‌ಗೆ ನಾನು ಹೇಳುವುದು ಟೇಸಾ ಕಾರ್ಲೋವ್. 2019ರ ರಾವ್ನಿಕಾ ಅಲೀಜಿಯನ್ಸ್ ಸೆಟ್‌ನಲ್ಲಿ ಬಂದ ಕಾರ್ಡ್. ಬಿಳಿ ಮತ್ತು ಕಪ್ಪು, 4 ಮಾನಾ, 2/4. ಯಾವುದೇ ಕ್ರೀಚರ್ ಸತ್ತದ್ದರಿಂದ ನಿಮ್ಮ ಕಾರ್ಡ್‌ನ ಟ್ರಿಗರ್ (ಏನಾದರೂ ನಡೆದಾಗ ತಾನಾಗಿ ಆಗುವ ಪರಿಣಾಮ) ಬಂದರೆ ಅದು ಇನ್ನೊಂದು ಸಲ ಬರುತ್ತದೆ. ಜೊತೆಗೆ ನಿಮ್ಮ ಕ್ರೀಚರ್ ಟೋಕನ್‌ಗಳಿಗೆ (ಬೇರೆ ಕಾರ್ಡ್‌ಗಳು ಸೃಷ್ಟಿಸುವ, ಡೆಕ್‌ನ ಕಾರ್ಡ್ ಅಲ್ಲದ ಕ್ರೀಚರ್‌ಗಳಿಗೆ) ವಿಜಿಲೆನ್ಸ್ (ದಾಳಿ ಮಾಡಿದ ಮೇಲೂ ಎದುರಾಳಿಯ ದಾಳಿ ತಡೆಯಬಲ್ಲವು) ಮತ್ತು ಲೈಫ್‌ಲಿಂಕ್ (ಹೊಡೆದಷ್ಟು ಲೈಫ್ ನಿಮಗೆ). ಈ ಡೆಕ್‌ಗೆ ಬೇಕಾದ "ಎರಡು ಸಲ ಎಣಿಸುವ ಕಾರ್ಡ್" ಇದೇ, ಅದೂ ಯಾವಾಗಲೂ ಕೈಗೆ ಸಿಗುವ ಜಾಗದಲ್ಲಿ.

ಬೇರೆ ದಾರಿಗಳೂ ಇವೆ. ಕೆಂಪು ಮತ್ತು ಹಸಿರು ಬೇಕೆನಿಸಿದರೆ ಕೊರ್ವೊಲ್ಡ್. ಸತ್ತವರನ್ನು ಎಬ್ಬಿಸುವ ಆಟ ಇಷ್ಟವಾದರೆ ಮೆರೆನ್. ಬರೀ ಕಪ್ಪಿನಲ್ಲಿ ಆಡುವವರಿಗೆ ಯಾಗ್‌ಮಾತ್, ಅದು ತಾನೇ ಬಲಿ ಕೊಡುವ ದಾರಿಯೂ ಹೌದು, ಕಾರ್ಡ್ ಎಳೆಯುವ ದಾರಿಯೂ ಹೌದು. ಇವೆಲ್ಲ ಟೇಸಾಗಿಂತ ತೀಕ್ಷ್ಣವಾಗಿ ಆಡಬಲ್ಲವು. ಆದರೆ ಟೇಬಲ್‌ಗೆ ಬಂದ ಕ್ಷಣದಿಂದ ಎಲ್ಲರ ಕಣ್ಣೂ ಅವುಗಳ ಮೇಲೆ ಬೀಳುತ್ತದೆ. ಟೇಸಾ ಒಬ್ಬಳೇ ಕೂತರೆ ಯಾರಿಗೂ ಅಷ್ಟು ಹೆದರಿಕೆ ಇರುವುದಿಲ್ಲ. ಕಲಿಯುವವರಿಗೆ ಅದು ಒಳ್ಳೆಯದು.

ಬಲಿ ಕೊಡುವ ದಾರಿ: ಇಲ್ಲಿ ಜಿಪುಣತನ ಬೇಡ

ಈ ಕಾರ್ಡ್‌ಗಳಿಗೆ ಔಟ್‌ಲೆಟ್ ಅನ್ನೋಣ. ಎರಡು ಬಗೆ ಇವೆ. ಒಂದು, ಮಾನಾ ಕೊಡದೆ, ಟ್ಯಾಪ್ ಮಾಡದೆ (ಬಳಸಿದ ಗುರುತಿಗೆ ಕಾರ್ಡ್ ಅಡ್ಡ ತಿರುಗಿಸದೆ), ಎಷ್ಟು ಸಲ ಬೇಕಾದರೂ, ಯಾರ ಸರದಿಯಲ್ಲಾದರೂ ಬಲಿ ಕೊಡಬಹುದಾದದ್ದು. ಇನ್ನೊಂದು, ಮಾನಾ ಕೇಳುವ ಅಥವಾ ಟ್ಯಾಪ್ ಆಗಬೇಕಾದ ಬಗೆ. ಡೆಕ್‌ನ ಜೀವ ಇರುವುದು ಮೊದಲ ಬಗೆಯಲ್ಲಿ.

ವಿಸೆರಾ ಸೀರ್ ಇದರಲ್ಲಿ ನನಗೆ ಅತಿ ಇಷ್ಟ. 1 ಮಾನಾ, 1/1. ಒಂದು ಕ್ರೀಚರ್ ಬಲಿ ಕೊಟ್ಟರೆ ಡೆಕ್‌ನ ಮೇಲಿನ ಕಾರ್ಡ್ ನೋಡಿ ಅಲ್ಲೇ ಇಡಬಹುದು, ಇಲ್ಲವೇ ಅಡಿಗೆ ಹಾಕಬಹುದು. ಎಂಟು ಸಲ ಬಲಿ ಕೊಟ್ಟರೆ ಎಂಟು ಸಲ ಹುಡುಕಿದ ಹಾಗೆ. ಮುಂದಿನ ಡ್ರಾ ಬಹುತೇಕ ನೀವು ಆರಿಸಿದ್ದೇ ಆಗಿರುತ್ತದೆ. ಬೇಕಾದರೆ ಅದು ತನ್ನನ್ನೂ ಬಲಿ ಕೊಟ್ಟುಕೊಳ್ಳಬಲ್ಲದು. ಕ್ಯಾರಿಯನ್ ಫೀಡರ್ ಕೂಡ 1 ಮಾನಾದ್ದೇ, ಪ್ರತಿ ಬಲಿಗೂ ಬೆಳೆಯುತ್ತದೆ, ಆದರೆ ಎದುರಾಳಿಯ ದಾಳಿಯನ್ನು ಬ್ಲಾಕ್ ಮಾಡುವಂತಿಲ್ಲ. ವೋ ಸ್ಟ್ರೈಡರ್ ಬರುವಾಗ ಜೊತೆಗೆ ಒಂದು ಆಡನ್ನೂ (ಮೇಕೆ ಟೋಕನ್) ತರುತ್ತದೆ. ಯಹೆನ್ನಿ ಇದ್ದರೆ ಬಲಿ ಕೊಟ್ಟು ತನ್ನನ್ನೇ ನಾಶವಾಗದಂತೆ ಕಾಪಾಡಿಕೊಳ್ಳುತ್ತದೆ. ಕಾರ್ಟೆಲ್ ಅರಿಸ್ಟೋಕ್ರಾಟ್ ಈ ಬಣ್ಣಗಳಲ್ಲಿ ಸಲೀಸಾಗಿ ಕೂರುತ್ತದೆ.

ಕ್ರೀಚರ್ ಅಲ್ಲದ ಔಟ್‌ಲೆಟ್‌ಗಳು ಇನ್ನೂ ಗಟ್ಟಿ. ಎಲ್ಲರೂ ಕ್ರೀಚರ್‌ಗಳನ್ನು ಗುಡಿಸಿ ಹಾಕಿದರೂ ಅವು ಉಳಿಯುತ್ತವೆ. 1994ರ ಆಂಟಿಕ್ವಿಟೀಸ್ ಕಾಲದ ಆ್ಯಶ್ನಾಡ್ಸ್ ಆಲ್ಟರ್ ಒಂದು ಬಲಿಗೆ ಬಣ್ಣವಿಲ್ಲದ 2 ಮಾನಾ ಕೊಡುತ್ತದೆ. ಫೈರೆಕ್ಸಿಯನ್ ಆಲ್ಟರ್ ಬೇಕಾದ ಬಣ್ಣದ 1 ಮಾನಾ. ಆಲ್ಟರ್ ಆಫ್ ಡಿಮೆನ್ಷಿಯಾ ಬಲಿಯಾದ ಕ್ರೀಚರ್‌ನ ಶಕ್ತಿಯಷ್ಟು ಕಾರ್ಡ್‌ಗಳನ್ನು ಒಬ್ಬರ ಡೆಕ್‌ನಿಂದ ಗ್ರೇವ್‌ಯಾರ್ಡ್‌ಗೆ (ಸತ್ತ, ಬಳಸಿದ ಕಾರ್ಡ್‌ಗಳ ರಾಶಿಗೆ) ತಳ್ಳುತ್ತದೆ. ಎರಡನೇ ಬಗೆಯಲ್ಲಿ ಪ್ರೀಸ್ಟ್ ಆಫ್ ಫರ್ಗಾಟನ್ ಗಾಡ್ಸ್ ಒಂದನ್ನು ಮಾತ್ರ ಬಿಡಬೇಡಿ. ಟ್ಯಾಪ್ ಮಾಡಿ ಬೇರೆ ಎರಡು ಕ್ರೀಚರ್ ಬಲಿ ಕೊಟ್ಟರೆ ಮೂವರು ಎದುರಾಳಿಗಳೂ ತಲಾ 2 ಲೈಫ್ ಕಳೆದುಕೊಂಡು ಒಂದೊಂದು ಕ್ರೀಚರ್ ಬಲಿ ಕೊಡಬೇಕು. ನಿಮಗೆ ಒಂದು ಕಾರ್ಡ್, ಎರಡು ಕಪ್ಪು ಮಾನಾ.

ಲ್ಯಾಂಡ್‌ಗಳಲ್ಲಿ ಹೈ ಮಾರ್ಕೆಟ್, ಫೈರೆಕ್ಸಿಯನ್ ಟವರ್ ಇಡಿ. ಇವು ಡೆಕ್‌ನಲ್ಲಿ ಜಾಗ ತಿನ್ನುವುದಿಲ್ಲ, ಲ್ಯಾಂಡ್ ಲೆಕ್ಕದಲ್ಲೇ ಸೇರಿಕೊಳ್ಳುತ್ತವೆ.

ಎಷ್ಟು ಔಟ್‌ಲೆಟ್ ಬೇಕು? ನಾಲ್ವರ ಆಟದಲ್ಲಿ ಮೊದಲು ಆಡುವವರೂ ಡ್ರಾ ಮಾಡುತ್ತಾರೆ. ಹಾಗಾಗಿ ಮೂರನೇ ಸರದಿಗೆ ನೀವು ಒಟ್ಟು 10 ಕಾರ್ಡ್ ನೋಡಿರುತ್ತೀರಿ. 99 ಕಾರ್ಡ್‌ಗಳಲ್ಲಿ 5 ಔಟ್‌ಲೆಟ್ ಇದ್ದರೆ ಅಷ್ಟರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಸುಮಾರು ಶೇ. 42. ಒಂಬತ್ತು ಇದ್ದರೆ ಶೇ. 63. ಎರಡು ಲ್ಯಾಂಡ್ ಸೇರಿ ಹನ್ನೊಂದಾದರೆ ಶೇ. 71. ಐದರಲ್ಲಿ ನಿಲ್ಲಿಸಿದವರು ಅರ್ಧಕ್ಕಿಂತ ಜಾಸ್ತಿ ಆಟಗಳಲ್ಲಿ ಸುಮ್ನೆ ಕೂರಬೇಕಾಗುತ್ತದೆ. ಹನ್ನೊಂದು ನನ್ನ ಲೆಕ್ಕದಲ್ಲಿ ಕನಿಷ್ಠ.

ಬಲಿಪಶುಗಳು

ಒಂದು ಕಾರ್ಡ್‌ನಿಂದ ಎಷ್ಟು ಸಾವು ಸಿಗುತ್ತದೆ? ಕ್ರೀಚರ್ ಆರಿಸುವಾಗ ಈ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು. ಶಕ್ತಿ ಎಷ್ಟು, ರೆಕ್ಕೆ ಇದೆಯಾ ಅನ್ನುವುದೆಲ್ಲ ಆಮೇಲೆ.

ಡೂಮ್ಡ್ ಟ್ರಾವೆಲರ್ 1 ಮಾನಾದ 1/1, ಸತ್ತರೆ ಹಾರುವ 1/1 ಸ್ಪಿರಿಟ್ ಬರುತ್ತದೆ. ಅಂದರೆ ಎರಡು ಸಾವು. ಟೇಸಾ ಇದ್ದರೆ ಎರಡು ಸ್ಪಿರಿಟ್, ಒಟ್ಟು ಮೂರು ಸಾವು. ಹಂಟೆಡ್ ವಿಟ್ನೆಸ್ ಕೂಡ ಹೀಗೇ, ಸ್ಪಿರಿಟ್ ಬದಲು ಸೋಲ್ಜರ್ ಟೋಕನ್ ಅಷ್ಟೇ. ರಾವ್ನಿಕಾ ಅಲೀಜಿಯನ್ಸ್‌ನ ಆಫ್ಟರ್‌ಲೈಫ್ ಕಾರ್ಡ್‌ಗಳು (ಸತ್ತಾಗ ಪಕ್ಕದ ಅಂಕಿಯಷ್ಟು 1/1 ಸ್ಪಿರಿಟ್ ಕೊಡುವವು) ಟೇಸಾಗೆ ಹೇಳಿ ಮಾಡಿಸಿದಂತಿವೆ: ಟೈಥ್ ಟೇಕರ್, ಇಂಪೀರಿಯಸ್ ಆಲಿಗಾರ್ಕ್, ಓರ್ಜೋವ್ ಎನ್‌ಫೋರ್ಸರ್, ಮಿನಿಸ್ಟ್ರಂಟ್ ಆಫ್ ಆಬ್ಲಿಗೇಶನ್. ಕೊನೆಯದರಲ್ಲಿ ಆಫ್ಟರ್‌ಲೈಫ್ 2 ಇದೆ. ಟೇಸಾ ಜೊತೆ ಅದೊಂದೇ ಕಾರ್ಡ್‌ನಿಂದ ನಾಲ್ಕು ಸ್ಪಿರಿಟ್, ಒಟ್ಟು ಐದು ಸಾವು. ಇಂಥವೆಲ್ಲ ಅಗ್ಗದ ಕಾರ್ಡ್‌ಗಳು ಕೂಡ.

ಮರಳಿ ಬರುವ ಕ್ರೀಚರ್‌ಗಳು ಇನ್ನೊಂದು ಗುಂಪು. ರಿಅಸೆಂಬ್ಲಿಂಗ್ ಸ್ಕೆಲಿಟನ್ 2 ಮಾನಾ ಕೊಟ್ಟರೆ ಗ್ರೇವ್‌ಯಾರ್ಡ್‌ನಿಂದ ಎದ್ದು ಬರುತ್ತದೆ. ಬ್ಲಡ್‌ಘಾಸ್ಟ್ ನೀವು ಲ್ಯಾಂಡ್ ಇಟ್ಟಾಗೆಲ್ಲ ಬರಬಲ್ಲದು. ಗ್ರೇವ್‌ಕ್ರಾಲರ್ ಅನ್ನು ಗ್ರೇವ್‌ಯಾರ್ಡ್‌ನಿಂದ ಆಡಬೇಕಾದರೆ ನಿಮ್ಮಲ್ಲಿ ಇನ್ನೊಂದು ಜಾಂಬಿ ಇರಬೇಕು.

ನಾಲ್ವರ ಆಟದಲ್ಲಿ ಮಾತ್ರ ತನ್ನ ನಿಜವಾದ ಬೆಲೆ ತೋರಿಸುವ ಕಾರ್ಡ್ ಓಫಿಯೊಮ್ಯಾನ್ಸರ್. ಪ್ರತಿಯೊಬ್ಬರ ಸರದಿಯ ಆರಂಭದ ಅಪ್‌ಕೀಪ್‌ನಲ್ಲೂ ಅದು ನೋಡುತ್ತದೆ: ನಿಮ್ಮ ಬಳಿ ಹಾವು ಇಲ್ಲದಿದ್ದರೆ ಡೆತ್‌ಟಚ್ (ತಾನು ಹೊಡೆದ ಯಾವ ಕ್ರೀಚರನ್ನೂ ಕೊಲ್ಲುವ ಗುಣ) ಇರುವ 1/1 ಹಾವೊಂದನ್ನು ಕೊಡುತ್ತದೆ. ಪ್ರತಿ ಸರದಿಯಲ್ಲೂ ಹಾವನ್ನು ಬಲಿ ಕೊಡುತ್ತಾ ಹೋದರೆ ಒಂದು ಸುತ್ತಿಗೆ ನಾಲ್ಕು ಹಾವು, ನಾಲ್ಕು ಸಾವು. ಬಲಿ ಕೊಡುವ ತನಕ ಆ ಹಾವು ನಿಮ್ಮನ್ನು ಕಾಯುತ್ತಲೂ ಇರುತ್ತದೆ. ಡೆತ್‌ಟಚ್ ಇರುವ ಬ್ಲಾಕರ್ ಮೇಲೆ ದೊಡ್ಡ ಕ್ರೀಚರ್ ಕಳಿಸಲು ಯಾರೂ ಇಷ್ಟಪಡುವುದಿಲ್ಲ, ಅಲ್ವಾ?

ಫ್ಲೆಶ್‌ಬ್ಯಾಗ್ ಮರಾಡರ್, ಪ್ಲೇಗ್‌ಕ್ರಾಫ್ಟರ್ ಬಗೆಯವನ್ನೂ ಒಂದೆರಡು ಇಡಿ. ಅವು ಬಂದಾಗ ಎಲ್ಲ ಆಟಗಾರರೂ ಒಂದೊಂದು ಕ್ರೀಚರ್ ಬಲಿ ಕೊಡಬೇಕು. ಎಲ್ಲರ ಬಳಿ ಕ್ರೀಚರ್ ಇದ್ದರೆ ಒಂದೇ ಕಾರ್ಡ್‌ಗೆ ನಾಲ್ಕು ಸಾವು.

ಡ್ರೇನ್ ಕಾರ್ಡ್‌ಗಳು: ಪದಗಳನ್ನು ಗಮನವಿಟ್ಟು ಓದಿ

ಬ್ಲಡ್ ಆರ್ಟಿಸ್ಟ್ 2012ರಿಂದ ಈ ಡೆಕ್‌ನ ಮುಖ. ಆದರೆ ನಾಲ್ವರ ಟೇಬಲ್‌ನಲ್ಲಿ ಅದರ ಕೆಲಸ ಜುಲಪೋರ್ಟ್‌ನಂತೆ ಅಲ್ಲ. ಬ್ಲಡ್ ಆರ್ಟಿಸ್ಟ್ ಯಾರ ಕ್ರೀಚರ್ ಸತ್ತರೂ ಎಣಿಸುತ್ತದೆ, ಆದರೆ ಒಬ್ಬ ಆಟಗಾರನನ್ನು ಮಾತ್ರ ಗುರಿ ಮಾಡುತ್ತದೆ. ಜುಲಪೋರ್ಟ್ ನಿಮ್ಮ ಕ್ರೀಚರ್‌ಗಳನ್ನು ಮಾತ್ರ ಎಣಿಸುತ್ತದೆ, ಪೆಟ್ಟು ಮೂವರಿಗೂ ಬೀಳುತ್ತದೆ. ಗುರಿ ಮಾಡುವ ಕಾರ್ಡ್ ಹೆಕ್ಸ್‌ಪ್ರೂಫ್ (ಎದುರಾಳಿಗಳು ಗುರಿ ಮಾಡಲಾಗದ ರಕ್ಷಣೆ) ಇರುವ ಆಟಗಾರನನ್ನು ಮುಟ್ಟಲಾರದು. "ಪ್ರತಿ ಎದುರಾಳಿ" ಅನ್ನುವ ಕಾರ್ಡ್‌ಗೆ ಆ ತೊಂದರೆ ಇಲ್ಲ. ಎರಡೂ ಇರಲಿ, ಆದರೆ ಮೊದಲ ಆಯ್ಕೆ ಯಾವಾಗಲೂ ಮೂವರಿಗೂ ತಾಗುವುದು: ಜುಲಪೋರ್ಟ್, ಕ್ರೂಯಲ್ ಸೆಲೆಬ್ರಂಟ್, ಎಲಾಸ್ ಇಲ್-ಕೋರ್, ವಿಂಡಿಕ್ಟಿವ್ ವ್ಯಾಂಪೈರ್, ಬ್ಯಾಸ್ಟಿಯನ್ ಆಫ್ ರಿಮೆಂಬ್ರೆನ್ಸ್. ಬ್ಯಾಸ್ಟಿಯನ್ ಕ್ರೀಚರ್ ಅಲ್ಲ, ಟೇಬಲ್ ಮೇಲೆ ಉಳಿಯುವ ಎನ್‌ಚಾಂಟ್‌ಮೆಂಟ್, ಆದ್ದರಿಂದ ಕ್ರೀಚರ್ ಗುಡಿಸುವ ಕಾರ್ಡ್‌ಗಳು ಅದನ್ನು ಮುಟ್ಟುವುದಿಲ್ಲ. ಒಂದೇ ಒಂದು ಡ್ರೇನ್ ಕಾರ್ಡ್ ಆರಿಸು ಅಂದರೆ ನಾನು ಬ್ಯಾಸ್ಟಿಯನ್ ಅನ್ನೇ ಆರಿಸುತ್ತೇನೆ.

ಈಗ ಎಲ್ಲ ಸೇರಿದಾಗ ಏನಾಗುತ್ತದೆ ನೋಡಿ. ನಿಮ್ಮ ಬಳಿ ಟೇಸಾ, ವಿಸೆರಾ ಸೀರ್, ಜುಲಪೋರ್ಟ್, ಮಿನಿಸ್ಟ್ರಂಟ್, ಡೂಮ್ಡ್ ಟ್ರಾವೆಲರ್ ಇವೆ ಅಂದುಕೊಳ್ಳಿ. ನೋಡಲು ಭಯ ಹುಟ್ಟಿಸುವ ಪಡೆ ಏನಲ್ಲ. ಮಿನಿಸ್ಟ್ರಂಟ್ ಬಲಿ ಕೊಡಿ. ಜುಲಪೋರ್ಟ್ ಎರಡು ಸಲ ಹೊಡೆಯುತ್ತದೆ, ನಾಲ್ಕು ಸ್ಪಿರಿಟ್ ಬರುತ್ತವೆ. ಟ್ರಾವೆಲರ್ ಬಲಿ ಕೊಡಿ. ಮತ್ತೆ ಎರಡು ಪೆಟ್ಟು, ಎರಡು ಸ್ಪಿರಿಟ್. ಆರು ಸ್ಪಿರಿಟ್‌ಗಳನ್ನೂ ಬಲಿ ಕೊಟ್ಟರೆ ಇನ್ನು ಹನ್ನೆರಡು ಪೆಟ್ಟು. ಎರಡೇ ಕಾರ್ಡ್‌ನಿಂದ ಎಂಟು ಸಾವು. ಪ್ರತಿ ಎದುರಾಳಿಯೂ 16 ಲೈಫ್ ಕಳೆದುಕೊಂಡರು, ನಿಮಗೆ 16 ಬಂತು. ಇದೇ ಟೇಬಲ್ ಮೇಲೆ ಬ್ಯಾಸ್ಟಿಯನ್ ಕೂಡ ಇದ್ದಿದ್ದರೆ 32. ಕ್ರೂಯಲ್ ಸೆಲೆಬ್ರಂಟ್ ಕೂಡ ಇದ್ದಿದ್ದರೆ 48, ಅಂದರೆ 40 ಲೈಫ್ ಇರುವ ಮೂವರೂ ಒಟ್ಟಿಗೆ ಔಟ್. ಮಾನಾ ಒಂದೂ ಖರ್ಚಾಗಿಲ್ಲ. ಯಾರ ಸರದಿಯಲ್ಲಿ ಬೇಕಾದರೂ ಇದನ್ನು ಮಾಡಬಹುದು.

ಇದೇ ಸಾಲಿನಲ್ಲಿ ಪಿಟಿಲೆಸ್ ಪ್ಲಂಡರರ್ ಬರಬೇಕು. ನಿಮ್ಮ ಇನ್ನೊಂದು ಕ್ರೀಚರ್ ಸತ್ತಾಗೆಲ್ಲ ಒಂದು ಟ್ರೆಷರ್ (ಬಲಿ ಕೊಟ್ಟರೆ ಬೇಕಾದ ಬಣ್ಣದ 1 ಮಾನಾ ಕೊಡುವ ಟೋಕನ್). ಟೇಸಾ ಇದ್ದರೆ ಎರಡು. ಎರಡು ಟ್ರೆಷರ್ ಅಂದರೆ ರಿಅಸೆಂಬ್ಲಿಂಗ್ ಸ್ಕೆಲಿಟನ್ ಮತ್ತೆ ಎದ್ದು ಬರಲು ಬೇಕಾದಷ್ಟೇ ಮಾನಾ. ಸ್ಕೆಲಿಟನ್ ಬಲಿ ಕೊಡಿ, ಎಬ್ಬಿಸಿ, ಮತ್ತೆ ಬಲಿ ಕೊಡಿ. ಖರ್ಚಿಲ್ಲದ ಔಟ್‌ಲೆಟ್ ಒಂದು, ಡ್ರೇನ್ ಒಂದು ಇದ್ದರೆ ಕೊನೆಯೇ ಇಲ್ಲದ ಸುತ್ತು. ಟೇಸಾ ಇಲ್ಲದಿದ್ದರೂ ಆ್ಯಶ್ನಾಡ್ಸ್ ಆಲ್ಟರ್ ಇದ್ದರೆ ಇದು ನಡೆಯುತ್ತದೆ. ಆಗ ಟ್ರೆಷರ್ ಒಂದೇ ಬರುತ್ತದೆ, ಅದರಿಂದ ಕಪ್ಪು ಮಾನಾ, ಉಳಿದದ್ದು ಆಲ್ಟರ್‌ನಿಂದ. ಗ್ರೇವ್‌ಕ್ರಾಲರ್, ಫೈರೆಕ್ಸಿಯನ್ ಆಲ್ಟರ್, ಇನ್ನೊಂದು ಜಾಂಬಿ ಸೇರಿದರೂ ಇಂಥದ್ದೇ ಸುತ್ತು ಆಗುತ್ತದೆ.

ಗ್ರೇವ್ ಪ್ಯಾಕ್ಟ್ ಬಗ್ಗೆ ಒಂದು ಮಾತು. ನಿಮ್ಮ ಕ್ರೀಚರ್ ಸತ್ತಾಗೆಲ್ಲ ಉಳಿದ ಮೂವರೂ ಒಂದೊಂದು ಕ್ರೀಚರ್ ಬಲಿ ಕೊಡಬೇಕು. ಡಿಕ್ಟೇಟ್ ಆಫ್ ಎರೆಬೋಸ್ ಕೂಡ ಅದನ್ನೇ ಮಾಡುತ್ತದೆ. ಭಾರೀ ಬಲವಾದ ಕಾರ್ಡ್‌ಗಳು ನಿಜ. ಆದರೆ ಟೇಬಲ್ ಖಾಲಿ ಮಾಡಿ ನೀವು ಬೇಗ ಗೆಲ್ಲದಿದ್ದರೆ ಮೂರು ಜನ ಗಂಟೆಗಟ್ಟಲೆ ಏನೂ ಮಾಡಲಾಗದೆ ಕೂರುತ್ತಾರೆ. ಎರಡರಲ್ಲಿ ಒಂದು ಇಟ್ಟುಕೊಳ್ಳಿ, ಸಾಕು. ಗೆಲುವು ಹತ್ತಿರ ಬಂದಾಗಲೇ ಅದನ್ನು ಇಳಿಸಿ.

ಕಾರ್ಡ್ ಎಳೆಯುವುದು

ಸ್ಕಲ್‌ಕ್ಲಾಂಪ್ ಇಲ್ಲದೆ ಈ ಡೆಕ್ ಕಟ್ಟಬೇಡಿ. 1 ಮಾನಾದ ಕಾರ್ಡ್, ತೊಡಿಸಲು ಇನ್ನು 1. ತೊಟ್ಟ ಕ್ರೀಚರ್‌ಗೆ +1/-1, ಅದು ಸತ್ತರೆ ಎರಡು ಕಾರ್ಡ್. 1/1 ಟೋಕನ್‌ಗೆ ತೊಡಿಸಿದರೆ ಅಲ್ಲೇ ಸಾಯುತ್ತದೆ. ಟೇಸಾ ಇದ್ದರೆ ನಾಲ್ಕು ಕಾರ್ಡ್. ಎಷ್ಟು ಬಲವಾದದ್ದೆಂದರೆ 2004ರಲ್ಲಿ ಬಂದ ವರ್ಷವೇ ಸ್ಟ್ಯಾಂಡರ್ಡ್ ಮಾದರಿಯಲ್ಲಿ ಇದನ್ನು ನಿಷೇಧಿಸಿದರು. ಕಮಾಂಡರ್‌ನಲ್ಲಿ ಆಡಬಹುದು.

ಉಳಿದವನ್ನು ಆರಿಸುವಾಗ ಒಂದು ಪದ ಹುಡುಕಿ: "ನಾನ್‌ಟೋಕನ್". ಮಿಡ್‌ನೈಟ್ ರೀಪರ್, ಗ್ರಿಮ್ ಹರುಸ್ಪೆಕ್ಸ್ ಎರಡೂ ಟೋಕನ್ ಸತ್ತರೆ ಕಾರ್ಡ್ ಕೊಡುವುದಿಲ್ಲ. ನಿಮ್ಮ ಡೆಕ್ ತುಂಬ ಸ್ಪಿರಿಟ್ ಟೋಕನ್‌ಗಳೇ ಇದ್ದರೆ ಅವು ಅರ್ಧ ಕೆಲಸ ಮಾಡುತ್ತವೆ ಅಷ್ಟೇ. ಡಾರ್ಕ್ ಪ್ರಾಫೆಸಿ ಟೋಕನ್‌ಗೂ ಕಾರ್ಡ್ ಕೊಡುತ್ತದೆ, ಪ್ರತಿಯಾಗಿ 1 ಲೈಫ್ ಕೇಳುತ್ತದೆ. ಡ್ರೇನ್ ಕಾರ್ಡ್ ಇದ್ದರೆ ಆ ಲೈಫ್ ಹಾಗೇ ತುಂಬಿಕೊಳ್ಳುತ್ತದೆ. ಮಾರ್ಬಿಡ್ ಆಪರ್ಚುನಿಸ್ಟ್ ಒಂದು ಸರದಿಗೆ ಒಂದೇ ಕಾರ್ಡ್ ಕೊಡುವುದು. ಆದರೆ ನಾಲ್ವರ ಆಟದಲ್ಲಿ ಒಂದು ಸುತ್ತಿಗೆ ನಾಲ್ಕು ಸರದಿ. ಪ್ರತಿಯೊಬ್ಬರ ಸರದಿಯಲ್ಲೂ ಏನಾದರೊಂದು ಸಾಯುವಂತೆ ನೋಡಿಕೊಂಡರೆ ಕೈ ಖಾಲಿಯಾಗುವುದೇ ಇಲ್ಲ. ವಿಲೇಜ್ ರೈಟ್ಸ್, ಡೆಡ್ಲಿ ಡಿಸ್ಪ್ಯೂಟ್ ಚಿಕ್ಕ ಕಾರ್ಡ್‌ಗಳಾದರೂ ಬಲಿಯ ದಾರಿಯೂ ಆಗುತ್ತವೆ, ಕಾರ್ಡೂ ಕೊಡುತ್ತವೆ.

ನೂರರ ಲೆಕ್ಕ

ನಾನು ಹೀಗೆ ಹಂಚುತ್ತೇನೆ. ಟೇಸಾ 1, ಲ್ಯಾಂಡ್ 36. ಸೋಲ್ ರಿಂಗ್, ಆರ್ಕೇನ್ ಸಿಗ್ನೆಟ್, ಓರ್ಜೋವ್ ಸಿಗ್ನೆಟ್ ಬಗೆಯ ಮಾನಾ ಕಾರ್ಡ್ 9. ಲ್ಯಾಂಡ್ ಅಲ್ಲದ ಔಟ್‌ಲೆಟ್ 9. ಪ್ಲಂಡರರ್, ಗ್ರೇವ್ ಪ್ಯಾಕ್ಟ್ ಸೇರಿ ಸಾವಿನಿಂದ ಲಾಭ ತರುವ ಕಾರ್ಡ್ 10. ಬಲಿಪಶು 17. ಕಾರ್ಡ್ ಎಳೆಯುವುದು 8. ಸತ್ತವರನ್ನು ಎಬ್ಬಿಸುವ ಸನ್ ಟೈಟನ್, ವಿಕ್ಟಿಮೈಜ್ ಬಗೆಯವು 5. ಎದುರಾಳಿಯ ಕಾರ್ಡ್ ತೆಗೆಯಲು ಸ್ವೋರ್ಡ್ಸ್ ಟು ಪ್ಲೌಶೇರ್ಸ್, ಆಂಗ್ವಿಶ್ಡ್ ಅನ್‌ಮೇಕಿಂಗ್ ತರಹದವು 5. ಕೂಡಿದರೆ 100.

ತೆಗೆಯುವ ಕಾರ್ಡ್ ಐದೇನಾ ಅಂತ ಅನ್ನಿಸಬಹುದು. ಪ್ರೀಸ್ಟ್, ಗ್ರೇವ್ ಪ್ಯಾಕ್ಟ್, ಫ್ಲೆಶ್‌ಬ್ಯಾಗ್ ಎಲ್ಲ ಅದೇ ಕೆಲಸದ ಒಂದು ಪಾಲು ಮಾಡುತ್ತವೆ, ಹಾಗಾಗಿ ಸಾಕಾಗುತ್ತದೆ. ಆದರೆ ಆ ಐದರಲ್ಲಿ ಎನ್‌ಚಾಂಟ್‌ಮೆಂಟ್ ತೆಗೆಯಬಲ್ಲವು ಎರಡಾದರೂ ಇರಲೇಬೇಕು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಆಡುವ ಕ್ರಮ

ಮೊದಲ ಏಳು ಕಾರ್ಡ್‌ನಲ್ಲಿ ಮೂರು ಲ್ಯಾಂಡ್, ಒಂದು ಔಟ್‌ಲೆಟ್, ಬೇಗ ಆಡಬಹುದಾದ ಒಂದು ಕ್ರೀಚರ್ ಇದ್ದರೆ ಇಟ್ಟುಕೊಳ್ಳಿ. ಬರೀ ಡ್ರೇನ್ ಕಾರ್ಡ್‌ಗಳಿರುವ ಕೈ ನೋಡಲು ಚೆಂದ, ಆಡಲು ಕೆಟ್ಟದ್ದು. ನಾಲ್ವರ ಆಟದಲ್ಲಿ ಮೊದಲ ಮಲ್ಲಿಗನ್‌ಗೆ (ಕೈ ಬದಲಿಸಿ ಹೊಸ ಏಳು ಕಾರ್ಡ್ ಎಳೆಯುವುದಕ್ಕೆ) ಕಾರ್ಡ್ ಕಳೆದುಕೊಳ್ಳಬೇಕಿಲ್ಲ, ಅದನ್ನು ಧೈರ್ಯವಾಗಿ ಬಳಸಿ.

ಮೊದಲ ಮೂರು ಸರದಿ ಮಾನಾ, ಔಟ್‌ಲೆಟ್, ಬಲಿಪಶು. ಡ್ರೇನ್ ಕಾರ್ಡ್‌ಗಳನ್ನು ಕೈಯಲ್ಲೇ ಇಟ್ಟುಕೊಳ್ಳಿ. ಡ್ರೇನ್ ಕಾರ್ಡ್ ಇಳಿದ ಕೂಡಲೇ ಮೂವರಿಗೂ ಒಟ್ಟಿಗೆ ನೋವು ಶುರುವಾಗುತ್ತದೆ, ಮೂವರೂ ನಿಮ್ಮ ಕಡೆ ತಿರುಗುತ್ತಾರೆ. ದಾಳಿ ಮಾಡುವ ಡೆಕ್ ಒಬ್ಬರನ್ನು ಕೆಣಕುತ್ತದೆ, ಇದು ಎಲ್ಲರನ್ನೂ ಒಂದೇ ಸಲ ಕೆಣಕುತ್ತದೆ. ಹಾಗಾಗಿ 1, 2 ಲೈಫ್ ಕಿತ್ತುಕೊಂಡು ಶತ್ರುತ್ವ ಕಟ್ಟಿಕೊಳ್ಳುವುದಕ್ಕಿಂತ ಕಾಯುವುದು ಮೇಲು.

ಟೇಸಾಳನ್ನೂ ನಾಲ್ಕನೇ ಸರದಿಗೇ ಇಳಿಸಬೇಕೆಂದಿಲ್ಲ. ಆರು, ಏಳು ಮಾನಾ ಇದ್ದಾಗ ಅವಳನ್ನೂ ಒಂದು ಡ್ರೇನ್ ಕಾರ್ಡನ್ನೂ ಒಟ್ಟಿಗೆ ಇಳಿಸಿ ಅದೇ ಸರದಿಯಲ್ಲಿ ಲಾಭ ತೆಗೆಯಿರಿ. ಯಾರಾದರೂ ಅವಳನ್ನು ಕೊಲ್ಲಲು ಕಾರ್ಡ್ ಆಡಿದರೆ ಅದಕ್ಕೆ ಉತ್ತರವಾಗಿ ಬಲಿಗಳನ್ನೆಲ್ಲ ಮುಗಿಸಬಹುದು, ಕೊನೆಗೆ ಅವಳನ್ನೂ. 2020ರ ನಿಯಮ ಬದಲಾವಣೆಯ ನಂತರ ಕಮಾಂಡರ್ ಮೊದಲು ಗ್ರೇವ್‌ಯಾರ್ಡ್‌ಗೆ ಹೋಗಿ ಆಮೇಲೆ ತನ್ನ ಜಾಗಕ್ಕೆ ಮರಳುತ್ತದೆ. ಅಂದರೆ ಅವಳ ಸಾವೂ ಸಾವೇ, ಡ್ರೇನ್ ಎಣಿಸುತ್ತದೆ.

ಬ್ಲಾಕ್ ಮಾಡುವಾಗ ಒಂದು ಉಪಾಯ. ಸ್ಪಿರಿಟ್‌ನಿಂದ ಬ್ಲಾಕ್ ಮಾಡಿ, ಬ್ಲಾಕ್ ಆದ ಮೇಲೆ ಅದನ್ನು ಬಲಿ ಕೊಡಿ. ದಾಳಿ ಮಾಡಿದ ಕ್ರೀಚರ್ ಬ್ಲಾಕ್ ಆದದ್ದೇ ಲೆಕ್ಕ, ನಿಮಗೆ ಪೆಟ್ಟು ಬೀಳುವುದಿಲ್ಲ. ಅದಕ್ಕೆ ಲೈಫ್‌ಲಿಂಕ್ ಇದ್ದರೆ ಎದುರಾಳಿಗೆ ಲೈಫೂ ಸಿಗುವುದಿಲ್ಲ. ಟ್ರ್ಯಾಂಪಲ್ (ಬ್ಲಾಕರ್ ಮೀರಿದ ಪೆಟ್ಟು ಆಟಗಾರನಿಗೆ ಬೀಳುವ ಗುಣ) ಇದ್ದರೆ ಮಾತ್ರ ಹೀಗೆ ಮಾಡಬೇಡಿ, ಪೂರ್ತಿ ಪೆಟ್ಟು ನಿಮಗೇ ಬರುತ್ತದೆ.

ಎಲ್ಲ ಕ್ರೀಚರ್‌ಗಳನ್ನು ನಾಶ ಮಾಡುವ ಬೋರ್ಡ್ ವೈಪ್ ಬಂದಾಗ ತಕ್ಷಣ ಎಲ್ಲವನ್ನೂ ಬಲಿ ಕೊಡುವ ಆಸೆ ಆಗುತ್ತದೆ. ಸ್ವಲ್ಪ ನಿಲ್ಲಿ. ಒಟ್ಟಿಗೆ ಸಾಯುವ ಕ್ರೀಚರ್‌ಗಳು ಒಂದರ ಸಾವನ್ನು ಇನ್ನೊಂದು ನೋಡುತ್ತವೆ, ಹಾಗಾಗಿ ಜುಲಪೋರ್ಟ್ ಜೊತೆಗೇ ಸತ್ತರೂ ಎಲ್ಲ ಟ್ರಿಗರ್ ಬರುತ್ತವೆ. ಆಫ್ಟರ್‌ಲೈಫ್ ಸ್ಪಿರಿಟ್‌ಗಳು ವೈಪ್ ಮುಗಿದ ಮೇಲೆ ಬಂದು ಖಾಲಿ ಟೇಬಲ್ ಮೇಲೆ ಕೂರುತ್ತವೆ. ಆಗ ಕ್ರೀಚರ್ ಇರುವುದು ನಿಮ್ಮೊಬ್ಬರ ಬಳಿ ಮಾತ್ರ. ಈ ಸಲವೇ ಗೆಲ್ಲಬಹುದಾದರೆ ಮೊದಲೇ ಬಲಿ ಕೊಡಿ, ಇಲ್ಲದಿದ್ದರೆ ಆಫ್ಟರ್‌ಲೈಫ್‌ನವನ್ನು ವೈಪ್‌ಗೇ ಬಿಡಿ. ವೈಪ್ ಎಕ್ಸೈಲ್ ಮಾಡುವಂಥದ್ದಾದರೆ (ಗ್ರೇವ್‌ಯಾರ್ಡ್‌ಗೂ ಕಳಿಸದೆ ಆಟದಿಂದಲೇ ಹೊರಗಿಡುವುದು), ಫೇರ್‌ವೆಲ್ ತರಹ, ಆಗ ಯೋಚನೆ ಬೇಡ. ಎಲ್ಲವನ್ನೂ ಬಲಿ ಕೊಡಿ. ಎಕ್ಸೈಲ್ ಆಗುವುದು ಸಾವಲ್ಲ.

ಈ ಡೆಕ್‌ಗೆ ಇರುವ ಮದ್ದು

ಸಾವು ಅಂದರೆ ಟೇಬಲ್‌ನಿಂದ ಗ್ರೇವ್‌ಯಾರ್ಡ್‌ಗೆ ಹೋಗುವುದು. ಆ ದಾರಿ ಮುಚ್ಚಿದರೆ ಡೆಕ್ ನಿಲ್ಲುತ್ತದೆ. ರೆಸ್ಟ್ ಇನ್ ಪೀಸ್ ಇದ್ದರೆ ಕಾರ್ಡ್, ಟೋಕನ್ ಎರಡೂ ಗ್ರೇವ್‌ಯಾರ್ಡ್ ಬದಲು ಎಕ್ಸೈಲ್ ಆಗುತ್ತವೆ. ಯಾವ ಡ್ರೇನೂ ಎಣಿಸುವುದಿಲ್ಲ. ಲೇಲೈನ್ ಆಫ್ ದ ವಾಯ್ಡ್ ನೋಡಲು ಹಾಗೇ ಕಾಣುತ್ತದೆ, ಆದರೆ ಅದು ಕಾರ್ಡ್‌ಗಳಿಗೆ ಮಾತ್ರ. ಟೋಕನ್ ಕಾರ್ಡ್ ಅಲ್ಲ. ನಿಮ್ಮ ಸ್ಪಿರಿಟ್, ಹಾವು, ಆಡು ಎಲ್ಲ ಮೊದಲಿನಂತೆಯೇ ಸಾಯುತ್ತವೆ. ಈ ವ್ಯತ್ಯಾಸ ತಿಳಿಯದೆ ಕೈಚೆಲ್ಲಿ ಕೂರುವವರು ಜಾಸ್ತಿ. ಹಶ್‌ಬ್ರಿಂಗರ್ ಇದ್ದರೆ ಸಾವಿನ ಟ್ರಿಗರ್‌ಗಳೇ ಬರುವುದಿಲ್ಲ. ಯಶಾರ್ನ್ ಇದ್ದರೆ ಬಲಿಯನ್ನು ಖರ್ಚಾಗಿ ಕೊಡಲು ಆಗುವುದಿಲ್ಲ, ಅಂದರೆ ನಿಮ್ಮ ಔಟ್‌ಲೆಟ್ ಎಲ್ಲ ಬಂದ್.

ಕೊನೆಯ ಎರಡೂ ಕ್ರೀಚರ್‌ಗಳು, ಸ್ವೋರ್ಡ್ಸ್ ಸಾಕು. ಮೊದಲ ಎರಡಕ್ಕೆ ಎನ್‌ಚಾಂಟ್‌ಮೆಂಟ್ ತೆಗೆಯುವ ಕಾರ್ಡ್ ಬೇಕು, ಅದಕ್ಕೇ ಆಂಗ್ವಿಶ್ಡ್ ಅನ್‌ಮೇಕಿಂಗ್ ತರಹದ್ದನ್ನು ಮೊದಲು ಸಿಕ್ಕ ಗುರಿಗೆ ಖರ್ಚು ಮಾಡಬಾರದು. ಇನ್ನೊಂದು ಪರಿಹಾರ ಮಿರ್ಕ್‌ವುಡ್ ಬ್ಯಾಟ್ಸ್. ನೀವು ಟೋಕನ್ ಸೃಷ್ಟಿಸಿದಾಗ, ಬಲಿ ಕೊಟ್ಟಾಗ ಎರಡಕ್ಕೂ ಅದು ಪ್ರತಿ ಎದುರಾಳಿಗೆ 1 ಲೈಫ್ ಇಳಿಸುತ್ತದೆ. ಅದು ನೋಡುವುದು ಬಲಿಯನ್ನು, ಸಾವನ್ನಲ್ಲ. ರೆಸ್ಟ್ ಇನ್ ಪೀಸ್ ಇದ್ದರೂ ಅದರ ಕೆಲಸ ನಿಲ್ಲುವುದಿಲ್ಲ. ಆದರೆ ಅದೇ ಕಾರಣಕ್ಕೆ ಟೇಸಾ ಅದನ್ನು ಎರಡು ಸಲ ಮಾಡಿಸಲಾರಳು.

ಕೊಳ್ಳುವ ಮುಂಚೆ

ಭಾರತದಲ್ಲಿ ಬಿಡಿ ಕಾರ್ಡ್ ತರಿಸುವುದು ದುಬಾರಿ, ಸಾಗಣೆ ಖರ್ಚೇ ಕೆಲವೊಮ್ಮೆ ಕಾರ್ಡ್‌ನ ಬೆಲೆ ಮೀರುತ್ತದೆ. ಗೆಳೆಯರು ಸೇರಿ ಒಂದೇ ಆರ್ಡರ್ ಮಾಡಿ. ಮೊದಲು ಕೊಳ್ಳಬೇಕಾದದ್ದು ಟೇಸಾ, ಅಗ್ಗದ ಔಟ್‌ಲೆಟ್‌ಗಳು, ಸ್ಕಲ್‌ಕ್ಲಾಂಪ್, ಆಫ್ಟರ್‌ಲೈಫ್ ಕಾರ್ಡ್‌ಗಳು, ಮೂರು ನಾಲ್ಕು ಡ್ರೇನ್. ಫೈರೆಕ್ಸಿಯನ್ ಆಲ್ಟರ್, ಗ್ರೇವ್ ಪ್ಯಾಕ್ಟ್ ದುಬಾರಿ ಕಾರ್ಡ್‌ಗಳು, ಅವಿಲ್ಲದೆಯೂ ಡೆಕ್ ಚೆನ್ನಾಗಿ ಓಡುತ್ತದೆ. ಜೊತೆಗೆ ಆಡುವವರು ಒಪ್ಪಿದರೆ ಕಾಗದದ ಮೇಲೆ ಹೆಸರು ಬರೆದು ಸ್ಲೀವ್‌ಗೆ ಹಾಕಿ ಕೆಲವು ವಾರ ಆಡಿ ನೋಡಿ, ಆಮೇಲೆ ಕೊಳ್ಳಿ. ಡೆಕ್ ಪಟ್ಟಿ ಮಾಡುವ ಜಾಲತಾಣ ಮಾಕ್ಸ್‌ಫೀಲ್ಡ್‌ನಲ್ಲಿ ಪಟ್ಟಿ ಹಾಕಿ ಅಲ್ಲೇ ಕಾರ್ಡ್ ಎಳೆದು ಪರೀಕ್ಷೆ ಮಾಡಬಹುದು. ಹತ್ತು ಸಲ ಹೊಸ ಕೈ ಎಳೆಯಿರಿ, ಪ್ರತಿ ಸಲವೂ ಐದನೇ ಸರದಿಯ ತನಕ ಒಬ್ಬರೇ ಆಡಿ. ಆ ಹೊತ್ತಿಗೆ ಔಟ್‌ಲೆಟ್, ಬಲಿಪಶು, ಡ್ರೇನ್ ಮೂರೂ ಕೈಗೆ ಬಂದಿವೆಯಾ ನೋಡಿ. ಹತ್ತರಲ್ಲಿ ಆರು ಸಲವೂ ಬರದಿದ್ದರೆ ದೊಡ್ಡ ಕ್ರೀಚರ್‌ಗಳನ್ನು ತೆಗೆದು ಕಾರ್ಡ್ ಎಳೆಯುವವನ್ನು ಸೇರಿಸಿ.

ಟೇಬಲ್‌ಗೆ ಹೋಗುವಾಗ ಸ್ಪಿರಿಟ್ ಟೋಕನ್‌ಗಳನ್ನೂ ಲೈಫ್ ಎಣಿಸಲು ಡೈಸ್‌ಗಳನ್ನೂ ಜಾಸ್ತಿಯೇ ಒಯ್ಯಿರಿ. ಡೆಕ್‌ನಲ್ಲಿ ಸ್ಕೆಲಿಟನ್ ಸುತ್ತು ಇದ್ದರೆ ಆಟ ಶುರುವಾಗುವ ಮುಂಚೆಯೇ ಹೇಳಿ. 2025ರಲ್ಲಿ ಆಟದ ತಯಾರಕರಾದ ವಿಝಾರ್ಡ್ಸ್ ಆಫ್ ದ ಕೋಸ್ಟ್ ತಂದ, ಡೆಕ್‌ನ ಬಲವನ್ನು 1ರಿಂದ 5ರ ತನಕ ವಿಂಗಡಿಸುವ ಬ್ರ್ಯಾಕೆಟ್ ಪದ್ಧತಿ ಇಂಥ ಮಾತುಕತೆಗೇ ಇರುವುದು. ಸಾಧಾರಣ ಮಟ್ಟದ ಟೇಬಲ್ ಆದರೆ ಪ್ಲಂಡರರ್ ತೆಗೆದು ಆ ಜಾಗಕ್ಕೆ ಫಾಲ್ಕೆನ್‌ರಾತ್ ನೋಬಲ್ ಹಾಕಿ. ಬಲಿ ಕೊಡುವಾಗ ಪ್ರತಿ ಟ್ರಿಗರ್ ಅನ್ನೂ ಒಂದೊಂದಾಗಿ ಓದುತ್ತಾ ಕೂರಬೇಡಿ. "ಎಂಟು ಸಾವು, ಎರಡು ಡ್ರೇನ್, ಟೇಸಾ ಇದ್ದಾಳೆ, ಎಲ್ಲರಿಗೂ 32" ಅಂತ ಒಮ್ಮೆಗೇ ಹೇಳಿ, ಯಾರಿಗಾದರೂ ನಡುವೆ ಏನಾದರೂ ಆಡಬೇಕಿದೆಯಾ ಕೇಳಿ, ಮುಂದಕ್ಕೆ ಹೋಗಿ.